ಶುಕ್ರವಾರದ ಆಟ, ಶನಿವಾರದ ಅಂಪೈರ್

ಆಸ್ಟ್ರೇಲಿಯಾದವರ ಫುಟ್‌ಬಾಲ್ ನೋಡುವುದನ್ನು ಇನ್ನು ಬಿಟ್ಟೇ ಬಿಡುತ್ತೇನೆ ಎಂದು ನಾನು ಪ್ರತಿ ಶುಕ್ರವಾರ ಮಧ್ಯಾಹ್ನ ಶಪಥ ಮಾಡುತ್ತೇನೆ. ಮುಂದಿನ ಶುಕ್ರವಾರ ಜುಮಾ ನಮಾಜು ಮುಗಿಸಿ, ಮೆಸ್ಸಿನಿಂದ ಬಿರಿಯಾನಿಯ ತಟ್ಟೆ ಎತ್ತಿಕೊಂಡು ಬಂದು, ಮತ್ತೆ ಅದೇ ಟಿವಿಯ ಮುಂದೆ ಕೂತಿರುತ್ತೇನೆ. ಆಡುವವರಿಗೆ ಅದು ರಾತ್ರಿಯ ಪಂದ್ಯ, ಸೌದಿಯ ಜುಬೈಲಿನ ಕ್ಯಾಂಪಿನಲ್ಲಿರುವ ನಮಗೆ ಊಟದ ಹೊತ್ತು. ಅರ್ಧ ಗಂಟೆಯೊಳಗೆ ಅನ್ನ ಗಂಟಲಲ್ಲಿ ಇಳಿಯದಷ್ಟು ಹೇಸಿಗೆ ಹುಟ್ಟುತ್ತದೆ. "ಅಷ್ಟು ಬೈಲಿಕ್ಕೆ ಉಂಟಾದ್ರೆ ನೋಡುದು ಎಂತಕ್ಕೆ?" ಎಂದು ಊರಿನಿಂದ ಹೆಂಡತಿ ಫೋನಿನಲ್ಲಿ ಕೇಳುತ್ತಾಳೆ. ಊಟ ಆಯಿತಾ ಎಂದು ನಾನು ಮಾತು ತಿರುಗಿಸುತ್ತೇನೆ.

ಉಡುಪಿ ಕಡೆಯ ಬ್ಯಾರಿಯಾದ ನನಗೆ ಈ ಹುಚ್ಚು ಹಿಡಿಸಿದವನು ಒಬ್ಬ ಆಸ್ಟ್ರೇಲಿಯಾದ ಇಂಜಿನಿಯರು. ನಾನು ಇಲ್ಲಿನ ಒಂದು ಪೆಟ್ರೋಕೆಮಿಕಲ್ ಪ್ಲಾಂಟಿನಲ್ಲಿ ಸೇಫ್ಟಿ ಆಫೀಸರ್. ಹದಿನೈದು ವರ್ಷದ ಹಿಂದೆ ರಿಪೇರಿಗೆಂದು ಪ್ಲಾಂಟು ನಿಲ್ಲಿಸಿದ್ದಾಗ ಅವನೂ ನಾನೂ ಎರಡು ತಿಂಗಳು ಒಂದೇ ಕೋಣೆಯಲ್ಲಿ ಕೂತು ಕೆಲಸ ಮಾಡಿದೆವು. ಒಂದು ಶುಕ್ರವಾರ ಅವನು ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು ತನ್ನ ಲ್ಯಾಪ್‌ಟಾಪಿನಲ್ಲಿ ಪಂದ್ಯ ತೋರಿಸಿದ. ಕ್ರಿಕೆಟ್ ಮೈದಾನದಷ್ಟು ದೊಡ್ಡ ಬಯಲು, ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ, ಒಂದೊಂದು ಕಡೆ ಹದಿನೆಂಟು ಜನ, ಮೊಟ್ಟೆಯಾಕಾರದ ಚೆಂಡು. ಒದೆಯಬಹುದು, ಹಿಡಿಯಬಹುದು, ಮುಷ್ಟಿಯಿಂದ ಗುದ್ದಿ ಪಕ್ಕದವನಿಗೆ ಕೊಡಬಹುದು, ಎಸೆಯುವಂತಿಲ್ಲ. ನಡುವಿನ ಎರಡು ಕಂಬಗಳ ಮಧ್ಯೆ ಒದ್ದರೆ ಆರು ಪಾಯಿಂಟು. ಸ್ವಲ್ಪ ಪಕ್ಕಕ್ಕೆ ಹೋದರೂ ಒಂದು ಪಾಯಿಂಟು ಸಿಗುತ್ತದೆ. ಗುರಿ ತಪ್ಪಿದವನಿಗೂ ಏನಾದರೊಂದು ಕೊಟ್ಟು ಕಳಿಸುವ ಆಟವನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಆಮೇಲೆ ಒಬ್ಬ ಓಡಿ ಬಂದು, ಎದುರಾಳಿಯ ಹೆಗಲಿಗೆ ಮೊಣಕಾಲು ಊರಿ, ಎಲ್ಲರ ತಲೆಯ ಮೇಲೆ ಎದ್ದು ಆಕಾಶದಿಂದ ಚೆಂಡು ಕಿತ್ತುಕೊಂಡ. ಕೈಯಲ್ಲಿದ್ದ ಚಹಾ ಆರಿ ತಣ್ಣಗಾಯಿತು. ನಾನು ಅವತ್ತೇ ಸೋತೆ.

ಈಗ ಆ ಆಟವನ್ನು ಏನು ಮಾಡಿಟ್ಟಿದ್ದಾರೆ ನೋಡಿ. ಪಂದ್ಯ ಶುರುವಾಗುವಾಗ ಅಂಪೈರ್ ಚೆಂಡನ್ನು ನೆಲಕ್ಕೆ ಅಪ್ಪಳಿಸುತ್ತಿದ್ದ. ಅದು ಎತ್ತ ಚಿಮ್ಮುತ್ತದೆಂದು ದೇವರಿಗೇ ಗೊತ್ತು, ಎರಡೂ ಕಡೆಯ ಎತ್ತರದಾಳುಗಳು ಅದರ ಹಿಂದೆ ಹಾರುತ್ತಿದ್ದರು. ಅದನ್ನು ತೆಗೆದುಹಾಕಿದರು. ಈಗ ಅಂಪೈರ್ ಮಗುವಿಗೆ ಬಲೂನು ಹಾರಿಸಿಕೊಟ್ಟ ಹಾಗೆ ಚೆಂಡನ್ನು ಕೈಯಿಂದ ಮೇಲಕ್ಕೆ ಹಾಕುತ್ತಾನೆ. ಚೆಂಡು ಹಿಡಿದವನ ಎದುರಿಗಿರುವವನು ಅಲುಗಾಡಬಾರದೆಂದು ಇನ್ನೊಂದು ನಿಯಮ ಮಾಡಿದ್ದಾರೆ. 'ನಿಲ್ಲು' ಎಂದು ಅಂಪೈರ್ ಕೂಗಿದ ಕೂಡಲೇ ಕಲ್ಲಾಗಬೇಕು, ಕಾಲು ಒಂದು ಗೇಣು ಆಚೆ ಇಟ್ಟರೆ ಐವತ್ತು ಮೀಟರ್ ದಂಡ. ಏನಪ್ಪಾ ಇದು ಎಂದು ಕೈ ಅಗಲಿಸಿ ಕೇಳಿದ್ದಕ್ಕೂ ಒಂದು ಕಾಲದಲ್ಲಿ ದಂಡ ಹಾಕಿದರು. ನನ್ನ ಕೆಲಸವೇ ನಿಯಮದ್ದು. ವರ್ಷವರ್ಷವೂ ಬದಲಾಗುವುದನ್ನು ನಾನು ನಿಯಮ ಎನ್ನುವುದಿಲ್ಲ, ಮನಸ್ಸಿಗೆ ಬಂದದ್ದು ಎನ್ನುತ್ತೇನೆ.

ಗೋಲು ಹೊಡೆದವನಿಗೆ ಈಗ ಕುಣಿಯಲಿಕ್ಕೂ ಪುರುಸೊತ್ತಿಲ್ಲ. ಯಾರದಾದರೂ ಬೆರಳಿಗೆ ತಾಗಿದ ಚೆಂಡು ಗೋಲಲ್ಲ, ಹಾಗಾಗಿ ತಾಗಿತೋ ಇಲ್ಲವೋ ಎಂದು ಮಸುಕು ವಿಡಿಯೋ ಹಿಂದೆ ಮುಂದೆ ಓಡಿಸಿ ನೋಡುತ್ತಾರೆ. ಅಷ್ಟು ಹೊತ್ತೂ ಆಟಗಾರರು ಬಸ್ಸಿಗೆ ಕಾಯುವವರ ಹಾಗೆ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಾರೆ. ಕೊನೆಗೆ, ಏನೂ ಗೊತ್ತಾಗಲಿಲ್ಲ, ಅಂಪೈರ್ ಹೇಳಿದ್ದೇ ಸರಿ ಎನ್ನುತ್ತಾರೆ. ಗೊತ್ತಾಗದ್ದನ್ನು ನೋಡಿದ್ದು ಯಾಕೆ?

ಬೆಟ್ಟಿಂಗ್ ಜಾಹೀರಾತಿನ ವಿಷಯಕ್ಕೆ ಬಂದರೆ ಮೈ ಉರಿಯುತ್ತದೆ. ಮೊದಲ ಗೋಲು ಯಾರದು, ಯಾರು ಎಷ್ಟರಲ್ಲಿ ಗೆಲ್ಲುತ್ತಾರೆ, ಬಾಜಿ ಕಟ್ಟಿ ಎಂದು ನಗುನಗುತ್ತಾ ಕರೆಯುತ್ತಾರೆ, ಕೊನೆಗೆ ಎಚ್ಚರಿಕೆಯ ಒಂದು ಸಾಲನ್ನು ಗಡಿಬಿಡಿಯಲ್ಲಿ ಉಸುರಿ ಓಡುತ್ತಾರೆ. ಆಗಷ್ಟೇ ಮಸೀದಿಯಲ್ಲಿ ಖುತ್ಬಾ ಪ್ರವಚನ ಕೇಳಿ ಬಂದ ಕಿವಿಗೆ ಇದು ಬೀಳಬೇಕು. ನಾನು ರಿಮೋಟ್ ಹಿಡಿದುಕೊಂಡೇ ಊಟ ಮಾಡುತ್ತೇನೆ, ಜೂಜಿನವರು ಬಂದರೆ ಸದ್ದು ಕೊಲ್ಲುತ್ತೇನೆ.

ನನ್ನ ಪಕ್ಕದಲ್ಲಿ ಕೂತು ಇದನ್ನೆಲ್ಲ ಸಹಿಸಿಕೊಳ್ಳುವವನು ನನ್ನ ರೂಮ್‌ಮೇಟ್. ಭಟ್ಕಳದವನು, ನನಗಿಂತ ಹತ್ತು ವರ್ಷ ಚಿಕ್ಕವನು, ಇನ್‌ಸ್ಟ್ರುಮೆಂಟ್ ಟೆಕ್ನಿಶಿಯನ್. ಅಂದರೆ ಪ್ಲಾಂಟಿನ ಎತ್ತರದ ಟವರುಗಳನ್ನು ಹತ್ತಿ ಅಲ್ಲಿರುವ ಗೇಜುಗಳನ್ನು ನೋಡಿಕೊಳ್ಳುವವನು. ಅವನ ನವಾಯತಿ ನನಗೆ ಬರುವುದಿಲ್ಲ, ನನ್ನ ಬ್ಯಾರಿ ಅವನಿಗೆ ಬರುವುದಿಲ್ಲ, ಹಾಗಾಗಿ ನಮ್ಮ ನಡುವೆ ಕನ್ನಡ. ಅವನಿಗೆ ಈ ಆಟ ಹಚ್ಚಿದವನು ನಾನೇ. ನಾನು ಟಿವಿಗೆ ಬೈಯುವಾಗ ಅವನು ನಿಂಬೆಹಣ್ಣು ಹಿಂಡಿಕೊಂಡು ಆರಾಮವಾಗಿ ಉಣ್ಣುತ್ತಾನೆ. "ನಿಮ್ಮ ಬಿಪಿ ಏರುದು ಆಸ್ಟ್ರೇಲಿಯಾದವ್ರಿಗೆ ಗೊತ್ತುಂಟಾ ಭಾಯಿ?" ಎಂದು ಕೇಳುತ್ತಾನೆ.

ಆದರೆ ನನ್ನ ನಿಜವಾದ ಹೇಸಿಗೆ ಇದ್ಯಾವುದರದ್ದೂ ಅಲ್ಲ, ತಲೆಗೆ ಬೀಳುವ ಏಟಿನದು. ಒಬ್ಬನ ಭುಜ ಇನ್ನೊಬ್ಬನ ದವಡೆಗೆ ಬಡಿಯುತ್ತದೆ, ಅವನು ಕೈ ಕೂಡ ಊರದೆ ಬೀಳುತ್ತಾನೆ. ಇತ್ತೀಚೆಗೆ ಅದಕ್ಕೂ ನಿಯಮ ಬರೆದಿದ್ದಾರೆ, ಪರೀಕ್ಷೆ ಇದೆ, ಇಷ್ಟು ದಿನ ಹೊರಗೆ ಕೂರಬೇಕೆಂದೂ ಇದೆ. ಇದ್ದರೂ ಕೆಲವೊಮ್ಮೆ ಅರ್ಧ ಗಂಟೆಯಲ್ಲಿ ಅವನೇ ಮೈದಾನದಲ್ಲಿ ಓಡುತ್ತಿರುತ್ತಾನೆ, ಮರುದಿನ 'ಲಕ್ಷಣ ತಡವಾಗಿ ಕಾಣಿಸಿತು' ಎನ್ನುತ್ತಾರೆ. ಹಳೆಯ ಆಟಗಾರರು ಮನೆಯ ದಾರಿ ಮರೆತವರ ಹಾಗೆ ಕ್ಯಾಮೆರಾದ ಮುಂದೆ ಕೂತು, ನಡುನಡುವೆ ಮಾತು ತಪ್ಪುವುದನ್ನು ನಾನು ನೋಡಿದ್ದೇನೆ. ನಮ್ಮ ಪ್ಲಾಂಟಿನಲ್ಲಿ ಯಾರದೇ ತಲೆ ಎಲ್ಲಿಗಾದರೂ ತಾಗಿದರೆ, ಹೆಲ್ಮೆಟ್ ಇರಲಿ ಇಲ್ಲದಿರಲಿ, ಕೆಲಸ ನಿಲ್ಲುತ್ತದೆ, ಅವನು ಕ್ಲಿನಿಕ್ಕಿಗೆ ಹೋಗುತ್ತಾನೆ. 'ಏಟು ತಿಂದವನನ್ನು ಹೇಗಿದ್ದೀ ಅಂತ ಕೇಳಿ ತೀರ್ಮಾನ ಮಾಡಬೇಡಿ' ಎಂದು ಹೊಸಬರಿಗೆ ಪಾಠ ಹೇಳುವವನು ನಾನು. ಹೀಗೆ ಹೇಳುವ ಹಕ್ಕು ನನಗಿದೆ ಎಂದುಕೊಂಡಿದ್ದೆ.

ಶನಿವಾರ ಬೆಳಿಗ್ಗೆ, ಬಿಸಿಲು ಏರುವ ಮೊದಲು, ಕ್ಯಾಂಪಿನ ಹಿಂದಿನ ಗಟ್ಟಿ ಮಣ್ಣಿನ ಬಯಲಿನಲ್ಲಿ ನಾವು ಹನ್ನೆರಡು ಜನ ಈ ಆಟ ಆಡುತ್ತೇವೆ. ಪಿವಿಸಿ ಪೈಪಿನ ಕಂಬ, ಆ ಇಂಜಿನಿಯರು ಆಸ್ಟ್ರೇಲಿಯಾದಿಂದ ಕಳಿಸಿದ ಚೆಂಡು. ನನ್ನ ಮೊಣಕಾಲು ಕೆಟ್ಟ ಮೇಲೆ ನಾನೇ ಅಂಪೈರ್. ನನ್ನ ಮಾತಿಗೆ ಯಾರೂ ಎದುರು ಹೇಳುವುದಿಲ್ಲ, ವಾರವಿಡೀ ಅವರು ದಿನದ ಕೆಲಸ ಶುರು ಮಾಡಲು ಬೇಕಾದ ಪರ್ಮಿಟ್ಟಿಗೆ ಸಹಿ ಹಾಕುವವನಲ್ಲವೇ.

ಈ ವರ್ಷದ ಒಂದು ಶನಿವಾರ ಭಟ್ಕಳದವನು ಚೆಂಡಿಗಾಗಿ ಹಾರಿದ. ಚೆನ್ನಾಗಿಯೇ ಹಾರಿದ. ಕೆಳಗಿದ್ದವನು ಸರಿದುಬಿಟ್ಟ, ಇವನ ತಲೆಯ ಹಿಂಭಾಗ ನೆಲಕ್ಕೆ ಬಡಿಯಿತು. ಸದ್ದು ನನಗೆ ಕೇಳಿಸಿತು. ಸ್ವಲ್ಪ ಹೊತ್ತು ಅವನು ಕಣ್ಣು ಬಿಟ್ಟುಕೊಂಡೇ ಮಲಗಿದ್ದ, ಆದರೆ ಯಾರನ್ನೂ ನೋಡುತ್ತಿರಲಿಲ್ಲ. ಆಮೇಲೆ ಎದ್ದು ಕೂತು, "ಮಾಫಿ ಮುಷ್ಕಿಲ್" ಎಂದು ಅರಬಿಯಲ್ಲಿ, ಏನೂ ತೊಂದರೆ ಇಲ್ಲ ಎಂದ. ಎಷ್ಟು ಗೋಲಾಯಿತು ಎಂದು ಕೇಳಿದ. ನಾನು ಹೇಳಿದೆ. ನಿಂತುಕೊಂಡು ಮತ್ತೆ ಅದನ್ನೇ ಕೇಳಿದ.

ಆಗ ನನ್ನ ತಲೆಯಲ್ಲಿ ಏನು ಓಡಿತೆಂದು ನಾನು ಬರೆಯಲೇಬೇಕು. ನಮ್ಮ ಗೇಟಿನಲ್ಲಿ ಒಂದು ದೊಡ್ಡ ಬೋರ್ಡಿದೆ, ಅಪಘಾತವಿಲ್ಲದೆ ಎಷ್ಟು ದಿನವಾಯಿತೆಂದು ತೋರಿಸುವುದು. ನಮ್ಮ ಕಂಪನಿಯಲ್ಲಿ ಕ್ಯಾಂಪಿನಲ್ಲಿ ಆದ ಗಾಯಕ್ಕೂ ಅದು ಸೊನ್ನೆಗೆ ಇಳಿಯುತ್ತದೆ. ಆ ಸೋಮವಾರ ಸಾವಿರ ತುಂಬುವುದಿತ್ತು. ಎಲ್ಲರಿಗೂ ಮಾಂಸ ಹಾಕಿದ ಅರಬ್ಬರ 'ಮಂದಿ' ಅನ್ನದ ಊಟ, ಒಂದೊಂದು ಬ್ಯಾಗು, ಮುದೀರ್ ಎಂದು ನಾವು ಕರೆಯುವ ಮ್ಯಾನೇಜರಿಂದ ಭಾಷಣ. ಇವನನ್ನು ಕ್ಲಿನಿಕ್ಕಿಗೆ ಕಳಿಸಿದರೆ ಕಾಗದವಾಗುತ್ತದೆ, ಕಾಗದವಾದರೆ ಬೋರ್ಡು ಬೀಳುತ್ತದೆ. ಸುತ್ತ ನಿಂತಿದ್ದ ಹತ್ತು ಜನರಿಗೂ ಇದು ಗೊತ್ತಿತ್ತು. ಎಲ್ಲರೂ ನನ್ನ ಮುಖ ನೋಡಿದರು.

ನಾನು ಟಿವಿಯಲ್ಲಿ ಕಂಡ ಡಾಕ್ಟರುಗಳ ಹಾಗೆ ಅವನ ಕಣ್ಣಿನ ಮುಂದೆ ಬೆರಳು ಆಡಿಸಿದೆ. "ಆಡ್ತೀಯಾ?" ಎಂದು ಕೇಳಿದೆ. "ಆಡ್ತೇನೆ" ಎಂದ. "ಯಲ್ಲಾ, ಆಡು ಹಾಗಾದ್ರೆ" ಎಂದು ಚೆಂಡನ್ನು ಮೇಲಕ್ಕೆ ಹಾಕಿದೆ.

ಭಾನುವಾರ ಬೆಳಿಗ್ಗೆ ಅವನು ಟವರ್ ಹತ್ತುವ ಪರ್ಮಿಟ್ ಹಿಡಿದು ನನ್ನ ಮೇಜಿನ ಹತ್ತಿರ ಬಂದ. "ತಲೆ ಸರಿ ಉಂಟಾ?" ಎಂದೆ. "ಸ್ವಲ್ಪ ಭಾರ, ಅಷ್ಟೇ" ಎಂದ. ಸಹಿ ಹಾಕಿದೆ. ಸೋಮವಾರ ಬೋರ್ಡಿನಲ್ಲಿ ಸಾವಿರ ಬಂತು. ಮುದೀರ್ ನನ್ನನ್ನು ಮುಂದಕ್ಕೆ ಕರೆದು ಕೈಕುಲುಕಿದರು, ಜನ ಚಪ್ಪಾಳೆ ತಟ್ಟಿದರು, ನಾನು ನಕ್ಕು ಫೋಟೋಗೆ ನಿಂತೆ. ಅವತ್ತೂ, ಮಂಗಳವಾರ, ಬುಧವಾರ, ಗುರುವಾರವೂ ಅವನ ಪರ್ಮಿಟ್ಟಿಗೆ ಸಹಿ ಹಾಕಿದೆ. ಗುರುವಾರ ತಲೆ ಹೇಗಿದೆ ಎಂದು ಕೇಳಲೂ ಇಲ್ಲ.

ಶುಕ್ರವಾರ ಎಂದಿನಂತೆ ಪಂದ್ಯಕ್ಕೆ ಕೂತೆವು. ಎರಡನೆಯ ಕಾಲುಭಾಗದಲ್ಲಿ ಒಬ್ಬ ಹಾರಿದವನು ಕೆಟ್ಟದಾಗಿ ಬಿದ್ದ, ಇಬ್ಬರು ಹಿಡಿದುಕೊಂಡು ಒಳಗೆ ನಡೆಸಿದರು. ಮೂರನೆಯ ಕಾಲುಭಾಗದ ನಡುವೆ ಅವನು ವಾಪಸು ಓಡಿ ಬಂದ. ಏನು ಧೈರ್ಯ ಎಂದು ಕಾಮೆಂಟರಿಯವರು ಹೊಗಳತೊಡಗಿದರು. ನಾನು ತಟ್ಟೆ ಕೆಳಗಿಟ್ಟು ಎದ್ದು ನಿಂತೆ.

"ಥೂ, ನಾಚಿಕೆ ಇಲ್ಲದವ್ರು. ಅವನ ಕಣ್ಣು ನೋಡು ಮಾರಾಯ, ಎಲ್ಲಿದ್ದೇನೆ ಅಂತ ಅವನಿಗೇ ಗೊತ್ತಿಲ್ಲ. ಇವ್ರಿಗೆ ಮನುಷ್ಯ ಬೇಡ, ಆಟ ಮುಗಿದ್ರೆ ಸಾಕು."

ಭಟ್ಕಳದವನು ಟಿವಿಯನ್ನೇ ನೋಡುತ್ತಿದ್ದ. ಅವತ್ತು ಅವನ ತಟ್ಟೆಯಲ್ಲಿ ಅನ್ನ ಹಾಗೇ ಇತ್ತು.

"ಭಾಯಿ, ಹೋದ ಶನಿವಾರ ಗೆದ್ದದ್ದು ಯಾರು?" ಎಂದ.

"ನೀವೇ ಅಲ್ವಾ. ಕೊನೆಯ ಗೋಲು ನೀನೇ ಹೊಡೆದದ್ದು."

"ಹೌದಾ. ನಂಗೆ ನೆನಪಿಲ್ಲ. ಹಾರಿದ್ದು ನೆನಪುಂಟು, ಮತ್ತೆ ರೂಮಲ್ಲಿ ಸ್ನಾನ ಮಾಡಿದ್ದು ನೆನಪುಂಟು. ನಡುವಿನದ್ದು ಎಂತದೂ ಇಲ್ಲ."

ಅವನೇ ಮುಂದುವರಿಸಿದ. "ಬುಧವಾರ ಟವರ್ ಮೇಲೆ ಏಣಿಯ ಮೆಟ್ಟಿಲು ಎರಡೆರಡು ಕಾಣ್ಲಿಕ್ಕೆ ಶುರುವಾಯ್ತು. ಯಾವುದಕ್ಕೆ ಕಾಲು ಇಡುದು ಅಂತ ಗೊತ್ತಾಗ್ಲಿಲ್ಲ. ರೇಲಿಂಗ್ ಹಿಡ್ಕೊಂಡು ಕಣ್ಣು ಮುಚ್ಚಿ ನಿಂತೆ. ಮಕ್ಕಳ ನೆನಪಾಯ್ತು. ಮತ್ತೆ ಹೇಗೋ ಇಳಿದೆ."

"ನಂಗೆ ಹೇಳ್ಲಿಕ್ಕೆ ಏನಾಗಿತ್ತು ನಿಂಗೆ?" ನನ್ನ ದನಿ ಏರಿತ್ತು.

"ನೀವು ಆಡು ಅಂದ್ರಲ್ಲ ಭಾಯಿ. ನಿಮಗೆ ಗೊತ್ತಿರ್ತದೆ ಅಂತ ಎಣಿಸಿದೆ."

ಅವನ ಮಾತಿನಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ನಾನೂ ಏನಾದರೂ ತಿರುಗಿ ಹೇಳಿ ಬಚಾವಾಗುತ್ತಿದ್ದೆ. ನಾನು ಟಿವಿ ಆರಿಸಿದೆ. ಹದಿನೈದು ವರ್ಷ ಆ ಪರದೆಗೆ ಉಗಿದದ್ದೆಲ್ಲ ಒಟ್ಟಿಗೆ ನನ್ನ ಮುಖಕ್ಕೇ ಬಂದು ಬಿದ್ದಂತಾಯಿತು. ಅವರಾದರೂ ಲಕ್ಷ ಜನರ ಎದುರು ತಪ್ಪು ಮಾಡುತ್ತಾರೆ. ನಾನು ಒಂದು ಬ್ಯಾಗು, ಒಂದು ಊಟ, ಒಂದು ಫೋಟೋಗಾಗಿ ಈ ಮನುಷ್ಯನನ್ನು ಐದು ದಿನ ಟವರ್ ಹತ್ತಿಸಿದ್ದೆ. ನನ್ನ ಬಗ್ಗೆ ನನಗೆ ಅಷ್ಟು ಅಸಹ್ಯ ಅದುವರೆಗೆ ಆಗಿರಲಿಲ್ಲ.

"ಏಳು, ಕ್ಲಿನಿಕ್ಕಿಗೆ ಹೋಗುವ" ಎಂದೆ. "ಈಗ ಎಂತಕ್ಕೆ, ಬೋರ್ಡು ಉಂಟಲ್ಲ" ಎಂದ ಅವನು. ನಾನು ಅವನ ಚಪ್ಪಲಿ ತಂದು ಕಾಲ ಹತ್ತಿರ ಇಟ್ಟೆ.

ರಜೆಯ ದಿನವಾದ್ದರಿಂದ ಕ್ಲಿನಿಕ್ಕಿನಲ್ಲಿ ಪಾಕಿಸ್ತಾನದ ಹಿರಿಯ ಡಾಕ್ಟರೊಬ್ಬರೇ ಇದ್ದರು. ಕಣ್ಣಿಗೆ ಟಾರ್ಚ್ ಬಿಟ್ಟರು, ಒಂದು ಗೆರೆಯ ಮೇಲೆ ನಡೆಸಿದರು, ಐದು ಪದ ಹೇಳಿ ಸ್ವಲ್ಪ ಹೊತ್ತಿನ ಮೇಲೆ ಕೇಳಿದರು. ಅವನಿಗೆ ಎರಡು ಬಂತು. ಸ್ಕ್ಯಾನಿಗೆ ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟು, ತಾನು ಹೇಳುವವರೆಗೆ ಏಣಿ ಮುಟ್ಟಬಾರದು ಎಂದರು. ಆಮೇಲೆ ಫಾರಂ ಎಳೆದುಕೊಂಡು, ಬಿದ್ದ ಮೇಲೂ ಆಡಲು ಬಿಟ್ಟವರು ಯಾರು ಎಂದು ಉರ್ದುವಿನಲ್ಲಿ ಕೇಳಿದರು.

"ಯಾರೂ ಇಲ್ಲ. ನಾನೇ ಹಟ ಮಾಡಿ ಆಡಿದ್ದು" ಎಂದ ಭಟ್ಕಳದವನು, ನನ್ನ ಕಡೆ ನೋಡದೆ.

ಡಾಕ್ಟರು ಅದನ್ನೇ ಬರೆಯತೊಡಗಿದರು. ನಾನು ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಒಂದು ಸಾಲು ಬರೆದು ಮುಗಿಸಲು ಬಿಟ್ಟೆ ಕೂಡ.

"ಅದು ಸುಳ್ಳು" ಎಂದೆ. "ಬಿಟ್ಟವನು ನಾನು. ಮರುದಿನದಿಂದ ಟವರ್ ಹತ್ತಲು ಸಹಿ ಹಾಕಿದವನೂ ನಾನೇ."

ಅವರು ಬರೆದದ್ದನ್ನು ಹೊಡೆದುಹಾಕಿ ನನ್ನ ಹೆಸರು ಕೇಳಿದರು, ಆಮೇಲೆ ಹುದ್ದೆ ಕೇಳಿದರು. ಹೇಳಿದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿ, ಸರಿಯಾಗಿ ಕೇಳಿಸಲಿಲ್ಲವೆಂಬಂತೆ ಇನ್ನೊಮ್ಮೆ ಕೇಳಿದರು. "ಸೇಫ್ಟಿ ಆಫೀಸರ್" ಎಂದು ಇನ್ನೊಮ್ಮೆ ಹೇಳಿದೆ.