ಕಣ್ಣಿಲ್ಲದ ಕೋಳಿಗಳು

ಮೊನ್ನೆ ಮದ್ದೂರಿನ ಒಂದು ಶಾಲೆಗೆ ಮಿಮಿಕ್ರಿ ಮಾಡಲು ಹೋಗಿದ್ದೆ. ಯಾರೋ ಗೋಡೆಗೆ ಆನೆ ಬರೆಯುತ್ತಿದ್ದರು. ಹಸಿ ಬಣ್ಣದ ವಾಸನೆ ಮೂಗಿಗೆ ಬಡಿದದ್ದೇ ತಡ, ಹಿಡಿದ ಮೈಕನ್ನು ಕೆಳಗಿಟ್ಟುಬಿಟ್ಟೆ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಸತ್ತ ಅಜ್ಜಿಯ ದನಿ ತೆಗೆದು ಅತ್ತೆಯನ್ನು ಹೆದರಿಸಲು ಹೊರಟ ಪೆದ್ದ ನಾನೇ. ಆಗಿನ್ನೂ ನನಗೆ ಮೀಸೆ ಬಂದಿರಲಿಲ್ಲ. ಬುದ್ಧಿಯೂ ಮೀಸೆಯ ಜೊತೆಗೇ ಬರುತ್ತದೆಂದು ಕಾದೆ. ಮೀಸೆ ಮಾತ್ರ ಬಂತು.

ಮಳವಳ್ಳಿಯ ಆ ಮನೆ ಈಗಿಲ್ಲ. ಅಲ್ಲೊಂದು ಮೊಬೈಲ್ ಅಂಗಡಿಯ ಷಟರ್ ಇದೆ. ನಿಮ್ಮ ಬಾಲ್ಯದ ಮನೆಯ ಜಾಗದಲ್ಲೂ ಯಾವುದೋ ಒಂದು ಷಟರ್ ಇರಬಹುದು. ಅದನ್ನು ದಾಟುವಾಗ ನೀವೂ ನನ್ನ ಹಾಗೆ ರಸ್ತೆಯ ಆಚೆ ಬದಿಗೆ ನೋಡುತ್ತ ನಡೆಯುತ್ತೀರೇನೋ. ಅಪ್ಪನ ತಂಗಿ ರತ್ನತ್ತೆ ಅಲ್ಲಿ ಕೂತು ಮಕ್ಕಳಿಗೆ ಚಿತ್ರದ ಪುಸ್ತಕ ಮಾಡುತ್ತಿದ್ದಳು. ಕತೆಯೂ ಅವಳದೇ, ಚಿತ್ರವೂ ಅವಳದೇ. ಬೆಸಗರಹಳ್ಳಿ, ಭಾರತೀನಗರದ ಸುತ್ತಿನ ಅಂಗನವಾಡಿ ಗೋಡೆಗಳ ಮೇಲೆ ಗಿಳಿ, ಬಾಳೆಹಣ್ಣು ಬರೆಯುತ್ತ ಬಸ್ಸಿನಲ್ಲಿ ಅಲೆದವಳಿಗೆ ಮೈಸೂರಿನ ಪ್ರಕಾಶಕರೊಬ್ಬರು ಒಂದು ಪುಸ್ತಕ ಮಾಡಲು ಕೊಟ್ಟರು. ಆಮೇಲೆ ಒಂದರ ಹಿಂದೊಂದು ಬಂದವು. ಅವಳ ಕಾಡಿನಲ್ಲೆಲ್ಲ ನಮ್ಮ ಮನೆಯವರೇ. ತಾತ ಕರಡಿ, ಅಪ್ಪ ಕತ್ತೆ. ನಾನು ಕೋತಿ, ನನ್ನಲ್ಲಿ ಹೆಚ್ಚೇನೂ ತಿದ್ದಬೇಕಾಗಲಿಲ್ಲವಂತೆ. ಮೈ, ರೆಕ್ಕೆ, ಬಾಲ ಎಲ್ಲ ಬರೆದು, ಕಣ್ಣಿನ ಜಾಗ ಮಾತ್ರ ಖಾಲಿ ಬಿಟ್ಟು, ಹಾಳೆಗಳನ್ನು ಹಜಾರದ ಬಟ್ಟೆ ಹಗ್ಗಕ್ಕೆ ಕ್ಲಿಪ್ಪು ಹಾಕಿ ಒಣಗಿಸುವಳು. ಗೌರಿ ಗಣೇಶನ ಮೂರ್ತಿ ಮಾಡುವವರ ಹಾಗೆ ಕಣ್ಣು ಕೊನೆಗೆ, ಅದೂ ಆ ಮನುಷ್ಯ ಎದುರಿಗಿದ್ದಾಗ ಮಾತ್ರ.

ಅಜ್ಜಿಯನ್ನು ಕೋಳಿ ಮಾಡಿದ್ದಳು. ಕಳೆದುಹೋದ ಮರಿಯನ್ನು ಹುಡುಕುತ್ತ ಊರೆಲ್ಲ ಸುತ್ತುವ ಕೋಳಿ. ಕಣ್ಣು ಬರೆಯುವ ಮೊದಲೇ ಅಜ್ಜಿ ತೀರಿಕೊಂಡಳು. ಹಾಳೆಗಳು ತಿಂಗಳುಗಟ್ಟಲೆ ಹಗ್ಗದಲ್ಲೇ ಉಳಿದವು. ಫ್ಯಾನು ತಿರುಗಿದರೆ ಕೋಳಿಗಳೆಲ್ಲ ಒಟ್ಟಿಗೆ ಕತ್ತು ಹೊರಳಿಸಿದಂತೆ ಕಾಣುತ್ತಿತ್ತು; ಕರೆಂಟು ಹೋಗಿ ಫ್ಯಾನು ನಿಂತರೂ ಕೊನೆಯ ಹಾಳೆ ಅಲುಗುತ್ತಲೇ ಇರುತ್ತಿತ್ತು. ಸೀರೆಗೆ ಫಾಲ್ಸ್ ಹೊಲಿದು ತಂದ ಎದುರುಮನೆಯ ಜರೀನಮ್ಮ ಹೊಸಿಲಲ್ಲೇ ನಿಂತು, "ಒಳಿಕ್ ಬರಾಕಿಲ್ಲ ಕಣಮ್ಮ, ನಿನ್ ಕೋಳಿಗೋಳು ನನ್ನೇ ನೋಡ್ತವೆ" ಅಂದಳು.

"ಕಣ್ಣೇ ಇಲ್ವಲ್ಲ ಜರೀನಕ್ಕ," ಅಂದಳು ಅತ್ತೆ.

"ಅದ್ಕೇ ಕಣಮ್ಮ."

ಅತ್ತೆ ಕುಂಚ ಮುಟ್ಟುವುದನ್ನೇ ಬಿಟ್ಟಳು. ಈ ಪುಸ್ತಕ ಮುಗಿಯದೆ ಇನ್ನೊಂದನ್ನು ಬರೆಯುವುದಿಲ್ಲ ಎಂದಳು. ಪ್ರಕಾಶಕರ ಫೋನು ಬಂದರೆ ಎದ್ದು ಹಿತ್ತಲಿಗೆ ಹೋಗುವಳು. ಒಂದು ಮಧ್ಯಾಹ್ನ ನಾನು ಅಜ್ಜಿಯ ಶಾಲು ಹೊದ್ದು, ಅವಳ ಚಾಪೆಯ ಮೇಲೆ ಕೂತು, ಬಾಯ್ತುಂಬ ಎಲೆಯಡಿಕೆ ತುಂಬಿಕೊಂಡವಳ ಆ ದನಿ ತೆಗೆದೆ: "ರತ್ನಾ, ಒಲೆ ಮ್ಯಾಲೆ ಏನಿಕ್ಕಿದ್ದೀಯೆ, ಸೀದ್ ವಾಸ್ನೆ ಬತ್ತಾ ಅದೆ." ಕಿರುಚಿಕೊಂಡು ಓಡುತ್ತಾಳೆಂದು ಕಾದೆ. ಅವಳು ಮೆಲ್ಲಗೆ ಬಂದಳು. ಕೈಯಲ್ಲಿ ಕುಂಚವಿತ್ತು. "ಅಂಗೇ ಇರು. ಅಳ್ಳಾಡ್ಬೇಡ," ಅಂದಳು.

ಆಮೇಲೆ ದಿನವೂ ಮಧ್ಯಾಹ್ನ ಊಟವಾದ ಮೇಲೆ ನಾನು ಅಜ್ಜಿ. ಮೊದಮೊದಲು ಮೋಜೆನಿಸಿತು. ಕೋಳಿಗಳಿಗೆ ಕಣ್ಣು ಬರುತ್ತಿತ್ತು, ಥೇಟ್ ಅಜ್ಜಿಯವೇ. ಆದರೆ ಬೆಳಿಗ್ಗೆ ಎದ್ದು ನೋಡಿದರೆ ಆ ಕಣ್ಣುಗಳ ಮೇಲೆ ಬಿಳಿ ಬಣ್ಣ ಬಳಿದಿರುತ್ತಿತ್ತು. ಯಾಕೆಂದು ತಿಳಿಯಲು ನನ್ನಂಥವನಿಗೂ ಹೆಚ್ಚು ಕಾಲ ಬೇಕಾಗಲಿಲ್ಲ: ಕಣ್ಣು ಮುಗಿದರೆ ಅವಳ ಅವ್ವ ಎದ್ದು ಹೋಗುತ್ತಾಳೆ. ಅಷ್ಟರಲ್ಲಿ ನನ್ನೊಳಗೂ ಏನೋ ಕೆಟ್ಟಿತ್ತು. ಶಾಲೆಯಲ್ಲಿ ಹಾಜರಿ ಕೂಗಿದರೆ ಅಜ್ಜಿಯ ಕೆಮ್ಮು ಬರುತ್ತಿತ್ತು. ಒಂದು ಮಧ್ಯಾಹ್ನ ಅತ್ತೆಯನ್ನು "ಚಿನ್ನಿ" ಎಂದು ಕರೆದುಬಿಟ್ಟೆ. ಅವಳು ಚಿಕ್ಕವಳಿದ್ದಾಗ ಅಜ್ಜಿ ಕರೆಯುತ್ತಿದ್ದ ಹೆಸರಂತೆ ಅದು; ಮನೆಯಲ್ಲಿ ಯಾರೂ ಅದನ್ನು ನನ್ನೆದುರು ಎತ್ತಿದ್ದಿಲ್ಲ. ನನ್ನ ಬಾಯಿಗೆ ಎಲ್ಲಿಂದ ಬಂತೋ ಇವತ್ತಿಗೂ ಗೊತ್ತಿಲ್ಲ. ಅತ್ತೆ ತಲೆಯೆತ್ತದೆ, "ಊಂ ಅವ್ವ," ಅಂದಳು.

ಆ ಪುಸ್ತಕ ಕೊನೆಗೂ ಬಂತು, ಅದರ ಹಿಂದೆ ಬೇರೆ ಪುಸ್ತಕಗಳೂ ಬಂದವು. ತಾತ ಹೋದ, ಮನೆ ಹೋಯಿತು. ಹಜಾರದ ಮಧ್ಯಾಹ್ನದ ಆ ಮಂಕು ಬೆಳಕು ಅತ್ತೆಯ ಹಾಳೆಗಳಲ್ಲಿ ಮಾತ್ರ ಉಳಿದಿದೆ. ಯಾವ ಊರಿನ ಮಕ್ಕಳೋ ಅದರ ಮೇಲೆ ಎಂಜಲು ಬೆರಳಾಡಿಸುತ್ತಿರಬೇಕು. ಅಷ್ಟಾದರೂ ಉಳಿದದ್ದು ತಾತನಿಂದ. ಆ ಮಧ್ಯಾಹ್ನಗಳಲ್ಲಿ ಅವನು ದಿನವೂ ಜಗುಲಿಯಲ್ಲಿ ಕೂತು ಹೆಂಡತಿಯ ದನಿ ಕೇಳಿಸಿಕೊಳ್ಳುತ್ತಿದ್ದ. ಕೊನೆಗೊಂದು ದಿನ ಬಾಗಿಲಿಗೆ ಬಂದು ನಿಂತ. ನಾನು "ಸಾಕು ಅತ್ತೆ" ಅನ್ನಲು ಬಾಯಿ ತೆರೆದೆ. "ಸಾಕು ಕಣೆ ಚಿನ್ನಿ" ಎಂದು ಅಜ್ಜಿಯ ದನಿ ಬಂತು. ಅತ್ತೆ ಕುಂಚ ಅದ್ದುತ್ತ, "ಇನ್ನೊಂದ್ ಗಳ್ಗೆ ಕುಂತಿರವ್ವ," ಅಂದಳು.

ತಾತ ಒಳಗೆ ಬಂದ. ನನ್ನ ಹೆಗಲ ಮೇಲಿನ ಶಾಲು ತೆಗೆದು ಮಡಿಸಿದ.

"ನಿಮ್ಮವ್ವ ಬದ್ಕಿದ್ದಾಗ ಒಂದ್ ಗಳ್ಗೆ ಕುಂತೋಳಲ್ಲ ಕಣವ್ವ. ಇವ್ನು ನಮ್ ಹೈದ. ಎದ್ದೋಗ್ಲಿ ಬುಡು."