ಗೋಡೆಯ ಮೇಲೆ ಹೆಲೆನಬಾಯಿಯ ತೂಕ

ಬೀದರಿನ ಮೈಲೂರಿನಲ್ಲಿ ಇನ್ನೂ ಬೀದಿದೀಪ ಆರಿಲ್ಲ. ನಾಯಿ-ಬೆಕ್ಕುಗಳ ಪುಟ್ಟ ದವಾಖಾನೆಯ ಬಾಗಿಲು ತೆರೆದ ಹೆಲೆನಬಾಯಿ ಚಪ್ಪಲಿ ಬಿಟ್ಟು ತೂಕದ ಯಂತ್ರದ ಮೇಲೆ ನಿಲ್ಲುತ್ತಾರೆ. ಎಪ್ಪತ್ನಾಲ್ಕು ಕಿಲೋ. ಅದನ್ನೇ ಚಾಕ್‌ಪೀಸಿನಿಂದ ಗೋಡೆಯ ಮೇಲೆ ದಪ್ಪಗೆ ಬರೆಯುತ್ತಾರೆ. ಬಂದವರೆಲ್ಲ ಓದಲಿ, ನಗುವವರು ನಗಲಿ!

"ನಾಯಿ ತಾನಾಗಿ ಯಂತ್ರದ ಮ್ಯಾಲ ನಿಲ್ಲೂದಿಲ್ರಿ. ಅದನ್ನ ಎತ್ಕೊಂಡು ನಾ ನಿಲ್ತೇನಿ. ಬಂದ ತೂಕದಾಗ ನಂದು ಕಳದ್ರ ಅದರದು ಬರ್ತದ. ಇದರಾಗ ನಾಚಿಕಿ ಯಾಕ?"

ಇಪ್ಪತ್ತೆರಡು ವರ್ಷದಿಂದ ಅವರಿಲ್ಲಿ ಸಹಾಯಕಿ. ದಿನಕ್ಕೆ ಇಪ್ಪತ್ತು, ಇಪ್ಪತ್ತೈದು ಸಲ ಈ ಎತ್ತಾಟ. ಬೆಕ್ಕಾದರೆ ಬಟ್ಟೆಚೀಲದಲ್ಲಿ ಕೂರಿಸಿಕೊಂಡು. ಸಂಜೆಗೆ ಸೊಂಟ ಹಿಡಿದುಕೊಳ್ಳುತ್ತದೆ, ಮುಂಗೈ ತುಂಬ ಪರಚಿದ ಗಾಯ.

ಇಂದು ಡಾಬಕಾ ಹಳ್ಳಿಯ ರೈತ ಪಂಢರಿ ತನ್ನ ನಾಯಿಯನ್ನು ತಬ್ಬಿಕೊಂಡೇ ಟೆಂಪೋದಿಂದ ಇಳಿಯುತ್ತಾನೆ. ತಂತಿಬೇಲಿಗೆ ಸಿಕ್ಕು ಅದರ ತೊಡೆ ಹರಿದಿದೆ. ಮೈತುಂಬ ಪೊದೆಯಂಥ ಬಿಳಿ ಕೂದಲು. ಹೊಲಿಗೆ ಹಾಕುವ ಮೊದಲು ತೂಕಕ್ಕೆ ತಕ್ಕಷ್ಟೇ ಮಂಪರಿನ ಸೂಜಿ ಕೊಡಬೇಕು. ಹೋದ ತಿಂಗಳಷ್ಟೇ ಸೇರಿದ ಡಾಕ್ಟರ್ ಅಶ್ವಜಿತ ಕಣ್ಣಳತೆಯಲ್ಲೇ "ಹದಿನೈದು ಕಿಲೋ" ಎಂದು ಸಿರಿಂಜಿಗೆ ಔಷಧ ಎಳೆದೇಬಿಡುತ್ತಾರೆ.

ಗಾಯದ ಮೇಲೆ ಬಟ್ಟೆ ಒತ್ತಿ ಹಿಡಿದ ಹೆಲೆನಬಾಯಿ ಅಡ್ಡ ನಿಲ್ಲುತ್ತಾರೆ. "ತೂಕ ಆಗಿಲ್ರಿ ಸಾಹೇಬ್ರ."

"ರಕ್ತ ಹೊಂಟದ ಹೆಲೆನಕ್ಕಾ, ಸರೀರಿ. ಇಲ್ಲಿ ಡಾಕ್ಟರ್ ಯಾರು?"

"ನೀವೇ ಡಾಕ್ಟರ್ರಿ. ತೂಕ ಮಾತ್ರ ನಂದು."

"ಜಲ್ದಿ ಮಾಡ್ರಿ ಬಾಯಿ," ಎಂದು ಪಂಢರಿ ಗೋಗರೆಯುತ್ತಾನೆ. ಹೆಲೆನಬಾಯಿ ಆಗಲೇ ನಾಯಿಯನ್ನು ಎತ್ತಿಕೊಂಡು ಯಂತ್ರ ಏರಿಯಾಗಿದೆ. ಎಂಬತ್ಮೂರು. ಅಂದರೆ ನಾಯಿ ಬರೀ ಒಂಬತ್ತು ಕಿಲೋ! ಉಳಿದದ್ದೆಲ್ಲ ಕೂದಲಿನ ಡೌಲು. ಡಾಕ್ಟರ್ ಸಿರಿಂಜು ಖಾಲಿ ಮಾಡಿ, ಹೊಸದಾಗಿ ಲೆಕ್ಕ ಹಾಕಿ ತುಂಬಿಕೊಳ್ಳುತ್ತಾರೆ.

ಈ ಹಟ ಸುಮ್ಮನೆ ಬಂದದ್ದಲ್ಲ. ಹದಿನೈದು ವರ್ಷದ ಹಿಂದೆ ಹಳ್ಳಿಯೊಂದರ ಶಿಬಿರದಲ್ಲಿ ಹೆಲೆನಬಾಯಿ ಸಾಕಿದ ನಾಯಿ ರೂಬಿಗೆ ಇದೇ ಸೂಜಿ ತೂಕ ನೋಡದೆ ಅಂದಾಜಿನ ಮೇಲೆ ಬಿತ್ತು.

"ಸಿರಿಂಜು ಆಗಿನ ಡಾಕ್ಟರ್ ಕೈಗೆ ಕೊಟ್ಟಾಕಿ ನಾನೇರಿ. ರೂಬಿ ಏಳಲೇ ಇಲ್ಲ. ಅವತ್ತು ಬಾಯಿ ಮುಚ್ಕೊಂಡು ನಿಂತಿದ್ದೆ. ಆಮ್ಯಾಲ ಎಂದೂ ಮುಚ್ಚಿಲ್ಲ."

ಮಧ್ಯಾಹ್ನ ಪಂಢರಿಯ ನಾಯಿ ಕಣ್ಣು ತೆರೆದು, ತೂರಾಡುತ್ತ ನಿಂತು, ಹೊಲಿಗೆಯನ್ನು ನೆಕ್ಕಲು ನೋಡುತ್ತದೆ. ಪಂಢರಿ ಕಣ್ಣೊರೆಸಿಕೊಳ್ಳುತ್ತಾನೆ. ಹೆಲೆನಬಾಯಿ ಮಾತ್ರ ನಾಯಿಯನ್ನೇ ಗದರಿಸುತ್ತಾರೆ.

ನಿಮಗೇನು ಬೇಕು ಎಂದರೆ ಸಿಟ್ಟಿನಲ್ಲೇ ಉತ್ತರ: "ಶಾಲು-ಹಾರ ಬ್ಯಾಡ್ರಿ. ಭಾಲ್ಕಿ, ಔರಾದ ದವಾಖಾನ್ಯಾಗೂ ಇಂಥಾ ಒಂದೊಂದು ತೂಕದ ಯಂತ್ರ ಇಡ್ರಿ, ಸಾಕು."

ಮುಂದಿನ ವಾರ ದವಾಖಾನೆಗೆ ಬಣ್ಣ ಬಳಿಯುತ್ತಾರಂತೆ. ಹೊಸ ಗೋಡೆ ಮೇಲೆ ಹೆಣ್ಣುಮಗಳ ತೂಕ ಚೆಂದ ಕಾಣುವುದಿಲ್ಲ, ಇನ್ನು ಬರೆಯಬೇಡಿ ಎಂದಿದ್ದಾರೆ ಕಟ್ಟಡದ ಮಾಲೀಕರು.

"ಹಚ್ಚಲಿ ಬಿಡ್ರಿ," ಎಂದು ಹೆಲೆನಬಾಯಿ ಚಾಕ್‌ಪೀಸನ್ನು ಸೆರಗಿಗೆ ಗಂಟು ಹಾಕಿಕೊಳ್ಳುತ್ತಾರೆ. "ಬಣ್ಣ ಒಣಗಿದ ಮ್ಯಾಲ ನಾ ಇನ್ನೂ ದೊಡ್ಡದಾಗಿ ಬರೀತೇನಿ."