ಒರೆಸಿದ ಸುತ್ತು

ಸೀಮೆಸುಣ್ಣದ ವಾಸನೆ ಬಂದರೆ ಹೆಚ್ಚಿನವರಿಗೆ ಶಾಲೆ ನೆನಪಾಗುತ್ತದೆ. ನನಗೆ ನೆನಪಾಗುವುದು ನಮ್ಮ ಗ್ಯಾರೇಜು.

ಮನೆಯನ್ನು ಬಾಡಿಗೆಗೆ ಕೊಡುವ ಮೊದಲು ಒಮ್ಮೆ ಎಲ್ಲ ನೋಡಿಸೋಣವೆಂದು ಹೋದ ವಾರ ಮನೆ ತಪಾಸಣೆ ಮಾಡುವ ಒಬ್ಬ ಹುಡುಗಿಯನ್ನು ಕರೆಸಿದ್ದೆ. ಗ್ಯಾರೇಜಿನ ವೈರಿಂಗ್ ನೋಡಿದಳು, ಗೋಡೆಯ ತೇವ ನೋಡಿದಳು, ಏಣಿ ಹತ್ತಿ ಷಟರಿನ ಮೇಲ್ಭಾಗಕ್ಕೆ ಟಾರ್ಚ್ ಬಿಟ್ಟಳು.

"ಅಂಕಲ್, ಎಡಗಡೆ ಬ್ರಾಕೆಟ್ ಮೇಲೆ ಸೀಮೆಸುಣ್ಣದಲ್ಲಿ ರೌಂಡ್ ಹಾಕಿದ್ದಾರಲ್ಲ, ರಿಪೇರಿ ಏನಾದ್ರೂ ಬಾಕಿ ಇದ್ಯಾ?"

ಏಣಿ ಹಿಡಿದಿದ್ದ ನಾನು ತಲೆ ಎತ್ತಿ ನೋಡಿದೆ. ಆ ಬ್ರಾಕೆಟ್ಟು, ಆ ಷಟರು ಎರಡೂ ಹಳೆಯವನ್ನು ತೆಗೆಸಿ ಹಾಕಿಸಿದ ಹೊಸವು. ಮನೆಯಲ್ಲಿ ಸೀಮೆಸುಣ್ಣ ಇಟ್ಟುಕೊಂಡವರು ಯಾರೂ ಇಲ್ಲ...

ಚಿಕ್ಕಬಾಣಾವರದ ಈ ಮನೆಯ ಪಕ್ಕದಲ್ಲಿದ್ದ ಯಜಮಾನರು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಪ್ರತಿ ವರ್ಷ ಆಯುಧಪೂಜೆಗೆ ಮುಂಚೆ, ಯಾರೂ ಕರೆಯದಿದ್ದರೂ, ಬಂದು ಗ್ಯಾರೇಜು ನೋಡುತ್ತಿದ್ದರು. ಸಣ್ಣ ಸುತ್ತಿಗೆಯಿಂದ ಕಬ್ಬಿಣ ತಟ್ಟಿ, ಕಣ್ಣು ಮುಚ್ಚಿ ಕೇಳುವರು. ದೋಷ ಇದ್ದಲ್ಲಿ ಸೀಮೆಸುಣ್ಣದಿಂದ ಒಂದು ಸುತ್ತು. ರಿಪೇರಿ ಮುಗಿಯುವ ತನಕ ಅದನ್ನು ಒರೆಸುವಂತಿಲ್ಲ; ಅದು ಅವರ ಕಾರ್ಖಾನೆಯ ಕಟ್ಟುಪಾಡು.

ಆ ವರ್ಷ ಷಟರಿನ ಭಾರ ಹೊರುವ ಎಡಗಡೆ ಬ್ರಾಕೆಟ್ಟು ಟಣ್ ಎನ್ನಲಿಲ್ಲ. ಬದ್ ಎಂದಿತು.

"ಗೌಡ್ರೇ, ಬೆಸುಗೆ ಬಿರುಕು ಬಿಟ್ಟಿದೆ. ವೆಲ್ಡಿಂಗ್ ಆಗೋ ತನಕ ಷಟರ್ ಎತ್ತಬೇಡಿ."

"ಹಬ್ಬ ಕಳೀಲಿ ಬಿಡ್ರೀ."

"ಹಬ್ಬ ಅಂತ ಷಟರ್‌ಗೇನು ಗೊತ್ತಾಗತ್ತಾ?" ಎಂದು ನಕ್ಕು, ಸುತ್ತು ಹಾಕಿ, ಅವರು ಚಂದಾಪುರದ ಮಗಳ ಮನೆಗೆ ಹೋದರು.

ಹಬ್ಬದ ದಿನ ಪಕ್ಕದ ಬಾಗಿಲಿನಿಂದ ಒಳಹೋಗಿ ಗ್ಯಾರೇಜು ತೊಳೆದೆ. ಪೂಜೆಯ ಕಾರಿನ ಎದುರಿಗೆ ಆ ಬಿಳಿ ಸುತ್ತು ಯಾಕೋ ಅಪಶಕುನದಂತೆ ಕಂಡಿತು. ಒದ್ದೆ ಬಟ್ಟೆಯಿಂದ ಒರೆಸಿ, ಅದೇ ಜಾಗಕ್ಕೆ ಅರಿಶಿನ ಕುಂಕುಮ ಹಚ್ಚಿದೆ.

ನೆಂಟರೆಲ್ಲ ಗ್ಯಾರೇಜಿನಲ್ಲಿ ಸೇರಿದ್ದಾಗ, ಚಂದಾಪುರದಿಂದ ವಾಪಸಾಗಿದ್ದ ಅವರು ಬಿಳಿ ಪಂಚೆಯಲ್ಲಿ ಬಂದರು. ಒಳಗೆ ಕಣ್ಣಾಡಿಸಿ ತಲೆ ಎತ್ತಿ ನೋಡಿದರು.

"ಓಹೋ, ಮಾಡಿಸೇಬಿಟ್ರಾ?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಸೋಮಾರಿ ಎನ್ನಿಸಿಕೊಳ್ಳಲು ನಾಚಿಕೆಯಾಯಿತು. "ಹೂಂ" ಎಂದುಬಿಟ್ಟೆ.

ಬೇರೆ ದಿನವಾಗಿದ್ದರೆ ತಟ್ಟಿ ನೋಡದೆ ನಂಬುವವರಲ್ಲ. ಆದರೆ ಅವತ್ತು ಅವರ ಸುತ್ತಿಗೆ ಕುಂಕುಮ ಹಚ್ಚಿಸಿಕೊಂಡು ಅವರ ಮನೆಯ ದೇವರ ಮುಂದೆ ಕೂತಿತ್ತು. ಆಯುಧಪೂಜೆಯ ದಿನ ಆಯುಧ ಮುಟ್ಟುವುದಿಲ್ಲ.

"ಕಾರ್ ಆಚೆ ತನ್ನಿ, ಚಕ್ರಕ್ಕೆ ನಿಂಬೆಹಣ್ಣು ಇಡೋಣ" ಎನ್ನುತ್ತ ಹೊರಗೆ ಹೋಗಿ, ಬಗ್ಗಿ ಷಟರಿಗೆ ಕೈ ಹಾಕಿದರು. ಬೇಡ ಎನ್ನಲು ನನಗೆ ಸಮಯವಿತ್ತು. ಷಟರು ಅವರ ಸೊಂಟದವರೆಗೆ ಬಂತು. ಎದೆಯವರೆಗೆ ಬಂತು. ತಲೆ ದಾಟಿತು. ಅವರು ಒಳಗೆ ಒಂದು ಹೆಜ್ಜೆ ಇಟ್ಟರು. ಮೇಲೆ ಬದ್ ಎಂದಿತು, ಷಟರು ಕಳಚಿ ಬಿತ್ತು...

ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕೇಳಿದವರಿಗೆಲ್ಲ ನಾನು, "ಅವರೇ ನೋಡಿ ಸರಿಯಿದೆ ಅಂದಿದ್ರು" ಎಂದೆ. ಹನ್ನೊಂದನೆಯ ದಿನ ಅವರ ಹೆಂಡತಿ ಕೇಳಿದರು: "ಅಣ್ಣ, ಇವರ ಕಿವಿ ಮೋಸ ಮಾಡ್ತಾ?" ಗಂಡನ ಲೆಕ್ಕ ತಪ್ಪಿತೆಂದೇ ನಂಬಿಕೊಂಡು ಆ ತಾಯಿಯೂ ತೀರಿಕೊಂಡರು. ಆ ಹಬ್ಬದ ದಿನದಿಂದ, ಹೊಸ ಷಟರಿಗೆ ಏನು ತಾಗಿದರೂ ನನಗೆ ಕೇಳುವುದು ಬದ್ ಎಂದೇ.

ಹುಡುಗಿ ಏಣಿಯ ಮೇಲಿನಿಂದ ಮತ್ತೆ ಕೇಳಿದಳು. "ಒರೆಸ್ಬಿಡ್ಲಾ ಅಂಕಲ್?"

"ಬೇಡಮ್ಮ" ಎಂದೆ. "ಬಾಕಿ ಇದೆ."

ನಾಳೆ ಚಂದಾಪುರಕ್ಕೆ ಹೋಗುತ್ತೇನೆ. ಅಪ್ಪನ ಕಿವಿ ಮೋಸ ಮಾಡಿರಲಿಲ್ಲ, ಸುಳ್ಳು ಹೇಳಿದ್ದು ನಾನು ಎಂದು ಅವರ ಮಗಳಿಗಾದರೂ ಹೇಳಬೇಕು. ಅವಳ ಅಮ್ಮನಿಗೆ ಹೇಳುವ ಕಾಲ ಹೋಯಿತು.

ಇವತ್ತು ಬೆಳಿಗ್ಗೆಯೂ ಗ್ಯಾರೇಜಿಗೆ ಹೋಗಿ ನೋಡಿದೆ. ಸುತ್ತು ಹಾಗೇ ಇದೆ, ಈಗಷ್ಟೇ ಎಳೆದಂತೆ. ಹೇಳಿ ಬಂದ ಮೇಲೂ ಅದನ್ನು ನಾನಂತೂ ಒರೆಸುವುದಿಲ್ಲ. ಹಾಕಿದವರೇ ಒರೆಸಲಿ...